ತಿಪ್ಪಾರಳ್ಳಿಯ ದಾರಿಯಲ್ಲಿ ಕೈಲಾಸಂ

ಕೈಲಾಸಂ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮುಖದಲ್ಲಿ ಮೊದಲು ನಗೆ ಮೂಡುತ್ತದೆ. ನಾಟಕದ ನೆನಪು ಆಮೇಲೆ ಬರುತ್ತದೆ. ಇದು ಆ ಮಹನೀಯರ ಭಾಗ್ಯವೋ ದೌರ್ಭಾಗ್ಯವೋ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಪ್ರಹಸನ ಪಿತಾಮಹರೆಂಬ ಬಿರುದನ್ನು ನಾವು ಅವರಿಗೆ ಕೊಟ್ಟಿದ್ದೇವೆ. ಬಿರುದು ಕೊಟ್ಟ ಮೇಲೆ ಮನುಷ್ಯನನ್ನು ಹುಡುಕುವ ಶ್ರಮ ತಪ್ಪಿತೆಂದು ತಿಳಿಯುವುದು ನಮ್ಮಲ್ಲಿ ಹಳೆಯ ವಾಡಿಕೆ. ಅವರ ನಾಟಕಗಳ ವಿಮರ್ಶೆಗೆ ನಾನಿಲ್ಲಿ ತೊಡಗುವುದಿಲ್ಲ. ಆ ಕೆಲಸವನ್ನು ನನಗಿಂತ ಸಮರ್ಥರು ಮಾಡಿದ್ದಾರೆ. ವಿಲಾಯಿತಿಯ ಮಟ್ಟುಗಳಿಗೆ ಹೊಂದಿಸಿ ಅವರು ಕಟ್ಟಿ ಹಾಡಿದ ಎರಡು ಪದಗಳ ಕಡೆಯಿಂದ ಅವರ ಬಾಳನ್ನು ನೋಡಬೇಕೆಂಬುದಷ್ಟೇ ನನ್ನ ಆಸೆ. ಒಂದು ‘ಕೋಳೀಕೆ ರಂಗ’, ಇನ್ನೊಂದು ‘ತಿಪ್ಪಾರಳ್ಳಿ’.

ಈ ಆಸೆ ಹುಟ್ಟುವುದಕ್ಕೆ ನಾನು ಪಾಠ ಹೇಳುವ ಊರೂ ಕಾರಣ. ಬಂಗಾರಪೇಟೆಗೆ ಆ ಹೆಸರು ಬಂದದ್ದು ಬಂಗಾರದಿಂದ ಎಂದೇ ಹೊರಗಿನವರು ಎಣಿಸುತ್ತಾರೆ. ಪಕ್ಕದಲ್ಲಿಯೇ ಚಿನ್ನದ ಗಣಿಗಳಿದ್ದುದರಿಂದ ಹಾಗೆ ಎಣಿಸುವುದು ಸಹಜವೇ. ಆದರೆ ಹಳೆಯ ಕಾಗದಪತ್ರಗಳಲ್ಲಿಯೂ ರೈಲ್ವೆಯ ವೇಳಾಪಟ್ಟಿಗಳಲ್ಲಿಯೂ ಇದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ಹೆಸರನ್ನು ಹೊತ್ತ ಪೇಟೆ. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಳ ನಡುವೆ ರೈಲು ಹಾದಿಯನ್ನು ಹಾಕಿದರು. ಜನ ಬೌರಿಂಗ್ ಎಂಬ ಶಬ್ದವನ್ನು ಬಾಯಲ್ಲಿಟ್ಟು ಮೆಲುಕು ಹಾಕಿ, ತಮಗೆ ಬೇಕಾದ ಅರ್ಥವನ್ನು ಅದರೊಳಗೆ ತುಂಬಿ, ಬಂಗಾರವನ್ನಾಗಿ ಹೊರಗೆ ತೆಗೆದರು. ಯಾವ ಪಂಡಿತನೂ ಕುಳಿತು ಮಾಡಿದ ಅನುವಾದವಲ್ಲ ಇದು; ಕಿವಿ ಮಾಡಿದ ಕೆಲಸ. ಕೈಲಾಸಂ ಅವರು ಟಿಪ್ಪರರಿ ಎಂಬ ಐರ್ಲೆಂಡಿನ ಸೀಮೆಯನ್ನು ತಿಪ್ಪಾರಳ್ಳಿಯನ್ನಾಗಿ ಮಾಡಿದ್ದೂ ಇದೇ ಬಗೆಯ ಕೆಲಸ. ಊರೆಲ್ಲ ಸೇರಿ ಹಲವು ವರ್ಷಗಳಲ್ಲಿ ಮಾಡಿದ್ದನ್ನು ಅವರು ಒಬ್ಬರೇ ಒಂದು ಹಾಡಿನಲ್ಲಿ ಮಾಡಿದರು.

ತ್ಯಾಗರಾಜ ಪರಮಶಿವ ಕೈಲಾಸಂ ಅವರು ಹುಟ್ಟಿದ್ದು 1884ರಲ್ಲಿ. ಮನೆತನ ತಮಿಳು ಬ್ರಾಹ್ಮಣರದು, ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರವರು ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಲಯದ ನ್ಯಾಯಾಧೀಶರು. ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನಲ್ಲಿಯೂ ಮದರಾಸಿನ ಉಚ್ಚ ನ್ಯಾಯಾಲಯದ ಪೀಠವೇರಿದವರಿದ್ದರು. ಪರಮಶಿವ ಅಯ್ಯರವರ ವಿಚಾರವನ್ನು ಒಂದೆರಡು ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬಾರದು. ನ್ಯಾಯಶಾಸ್ತ್ರದ ಜೊತೆಗೆ ಅವರಿಗೆ ಭೂಗರ್ಭಶಾಸ್ತ್ರದ ಹುಚ್ಚೂ ಇತ್ತು. ಋಗ್ವೇದದ ಮಂತ್ರಗಳಲ್ಲಿ ಭೂಮಿಯ ಪುರಾತನ ಸ್ಥಿತ್ಯಂತರಗಳ ನೆನಪು ಅಡಗಿದೆಯೆಂದು ವಾದಿಸಿ 1911ರಲ್ಲಿ ಒಂದು ಗ್ರಂಥವನ್ನು ಬರೆದರು. ಮುಪ್ಪಿನಲ್ಲಿ, 1940ರಲ್ಲಿ, ರಾಮಾಯಣದ ಲಂಕೆ ಸಮುದ್ರದಾಚೆ ಇರಲಿಲ್ಲ, ಮಧ್ಯಭಾರತದ ಬೆಟ್ಟವೊಂದರ ಮೇಲಿತ್ತೆಂದು ಸಾಧಿಸಹೊರಟ ಮತ್ತೊಂದು ಗ್ರಂಥ ಬಂದಿತು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಪೂರ್ವಿಕರು ಕೈಮುಗಿದು ಬಿಟ್ಟ ಕಥೆಯನ್ನು ಮತ್ತೆ ಅಗೆದು ನೋಡುವ ಧೈರ್ಯ ಆ ಮನೆಯ ಗಾಳಿಯಲ್ಲಿಯೇ ಇತ್ತು ಎಂಬುದಂತೂ ನಿಶ್ಚಯ. ಮಗ ಮುಂದೆ ಏಕಲವ್ಯನನ್ನೂ ಕರ್ಣನನ್ನೂ ಕೀಚಕನನ್ನೂ ಹಾಗೆಯೇ ಅಗೆದು ನೋಡಿದರು.

ಕೈಲಾಸಂ ಅವರ ವಿದ್ಯಾಭ್ಯಾಸ ಹಲವು ಊರುಗಳಲ್ಲಿ ನಡೆದು ಕೊನೆಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಪದವಿಯೊಡನೆ ಒಂದು ಘಟ್ಟಕ್ಕೆ ಬಂತು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು 1908ರ ಸುಮಾರಿಗೆ ಅವರು ಲಂಡನ್ನಿಗೆ ಹೋದರು. ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈನ್ಸಿನಲ್ಲಿ ಓದಿದರು. ಕಲ್ಲನ್ನು ಓದಲು ಹೋದವರು ಕಲ್ಲನ್ನೂ ಓದಿದರು, ರಂಗವನ್ನೂ ಓದಿದರು. ಸಂಜೆಯಾದರೆ ಲಂಡನ್ನಿನ ನಾಟಕಶಾಲೆಗಳ ದೀಪಗಳು ಕರೆಯುತ್ತಿದ್ದುವು. ಇಬ್ಸನ್ ಮತ್ತು ಷಾ ಅವರ ನಾಟಕಗಳು ಅಲ್ಲಿ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದಿರಿಸಿದ್ದ ಕಾಲ ಅದು. ನಮ್ಮ ವಿಮರ್ಶಕರು ಕೈಲಾಸಂ ಅವರ ನಾಟಕಗಳ ಮೂಲವನ್ನು ಅಲ್ಲಿ ಹುಡುಕಿ ಸರಿಯಾಗಿಯೇ ಕಂಡುಕೊಂಡಿದ್ದಾರೆ. ಆದರೆ ಅದೇ ಊರಿನ ಬೇರೊಂದು ರಂಗದ ಮಾತನ್ನು ಎತ್ತಲು ಅವರಿಗೆ ಸ್ವಲ್ಪ ಸಂಕೋಚ. ಅದು ಮ್ಯೂಸಿಕ್ ಹಾಲ್.

ಮ್ಯೂಸಿಕ್ ಹಾಲ್ ಎಂಬುದನ್ನು ಸಂಗೀತಸಭೆಯೆಂದು ತಿಳಿದರೆ ತಪ್ಪಾಗುತ್ತದೆ. ಕೂಲಿಗಾರರು, ಗುಮಾಸ್ತರು, ಸಿಪಾಯಿಗಳು ಕಿಕ್ಕಿರಿದು ಕೂಡುವ ಮಂದಿರ. ಒಂದೇ ಸಂಜೆಯಲ್ಲಿ ಹತ್ತು ಹದಿನೈದು ಜನ ಒಬ್ಬರಾದ ಮೇಲೊಬ್ಬರು ಬಂದು ಹಾಡಿ ಕುಣಿದು ಹೋಗುವ ವಿನೋದ. ಅಲ್ಲಿ ಹಾಡುಗಾರನು ತಾನಾಗಿ ಬಂದು ಹಾಡುವುದಿಲ್ಲ. ಒಂದು ವೇಷವನ್ನು ತೊಟ್ಟು ಬರುತ್ತಾನೆ. ವೇಸ್ಟಾ ಟಿಲ್ಲಿ ಎಂಬಾಕೆ ಶೋಕಿಲಾಲ ಗಂಡಸಿನ ಉಡುಪಿನಲ್ಲಿ ಬಂದು ಶೋಕಿಲಾಲ ಗಂಡಸರನ್ನೇ ಹಾಸ್ಯಮಾಡಿ ಹಾಡುತ್ತಿದ್ದಳು. ಹ್ಯಾರಿ ಲಾಡರ್ ಎಂಬಾತ ಸ್ಕಾಟ್‌ಲೆಂಡಿನವರ ಗೀರುಲಂಗ ತೊಟ್ಟು, ಸೊಟ್ಟ ದೊಣ್ಣೆ ಹಿಡಿದು, ತನ್ನ ನಾಡಿನ ಒರಟು ಇಂಗ್ಲಿಷಿನಲ್ಲಿ ಹಾಡಿ ಲೋಕಪ್ರಸಿದ್ಧನಾದ. ಈ ಲಾಡರ್ ಚಿಕ್ಕಂದಿನಲ್ಲಿ ಕಲ್ಲಿದ್ದಲಿನ ಗಣಿಯಲ್ಲಿ ದುಡಿದವನೆಂಬುದನ್ನು ಗಣಿಯ ಸೀಮೆಯವನಾದ ನಾನು ಹೇಳದೆ ಬಿಡಲಾರೆ. ಪಂಡಿತರ ಭಾಷೆ ಮಾಡಲಾರದ ಕೆಲಸವನ್ನು ಹಳ್ಳಿಗನ ಭಾಷೆ ರಂಗದ ಮೇಲೆ ಮಾಡಬಲ್ಲದೆಂಬ ಪಾಠ ಆ ಮಂದಿರಗಳಲ್ಲಿ ಪ್ರತಿಸಂಜೆಯೂ ನಡೆಯುತ್ತಿತ್ತು.

ಟಿಪ್ಪರರಿಯ ಹಾಡು ಹುಟ್ಟಿದ್ದೂ ಇಲ್ಲಿಯೇ. ಜ್ಯಾಕ್ ಜಡ್ಜ್ ಎಂಬ ಹಾಡುಗಾರ 1912ರಲ್ಲಿ ಅದನ್ನು ಮೊದಲು ರಂಗದ ಮೇಲೆ ಹಾಡಿದ. ಲಂಡನ್ನಿಗೆ ಬಂದು ಸೇರಿದ ಐರಿಷ್ ಹಳ್ಳಿಗನೊಬ್ಬ ಆ ಪಟ್ಟಣದ ಬೆಡಗಿಗೆ ಬೆರಗಾಗಿ, ತನ್ನ ಊರನ್ನೂ ಅಲ್ಲಿ ಬಿಟ್ಟು ಬಂದ ಹುಡುಗಿಯನ್ನೂ ನೆನೆದುಕೊಳ್ಳುವ ವಿನೋದಗೀತ ಅದು. 1914ರ ಆಗಸ್ಟಿನಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಫ್ರಾನ್ಸಿನ ದಂಡೆಯಲ್ಲಿಳಿದ ಐರಿಷ್ ಪಡೆಯೊಂದು ಅದನ್ನು ಹಾಡುತ್ತ ನಡೆಯಿತು. ಪತ್ರಿಕೆಗಳು ಸುದ್ದಿಯನ್ನು ಹಬ್ಬಿಸಿದುವು. ನೋಡನೋಡುತ್ತಿರುವಂತೆ ನಗೆಯ ಹಾಡು ಸಾವಿನ ಕಡೆಗೆ ಹೆಜ್ಜೆಯಿಡುವವರ ಹಾಡಾಯಿತು. ಆ ವರ್ಷ ಕೈಲಾಸಂ ಇಂಗ್ಲೆಂಡಿನಲ್ಲಿದ್ದರು. ತನ್ನ ಊರಿಂದ ಆರು ಸಾವಿರ ಮೈಲಿ ದೂರದಲ್ಲಿದ್ದ ಮೂವತ್ತು ವರ್ಷದ ತರುಣನ ಕಿವಿಗೆ ಊರು ದೂರವೆಂಬ ಆ ಹಾಡು ಹೇಗೆ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಮುಂದೆ ಅವರು ಕಟ್ಟಿದ ತಿಪ್ಪಾರಳ್ಳಿ ಬರಿಯ ಅಣಕವಲ್ಲವೆಂದು ನಾನು ಹೇಳುವುದಕ್ಕೆ ಇದೇ ಕಾರಣ. ಮಟ್ಟು ಇಂಗ್ಲಿಷಿನದು, ಊರಿನ ಹೆಸರು ಉಚ್ಚಾರದ ಆಟದಿಂದ ಹುಟ್ಟಿದ್ದು; ಆದರೆ ಊರಿನ ದಾರಿ ಸವೆಯದೆಂಬ ಆ ದಣಿವು ಮಾತ್ರ ಎರಡು ಕಡೆಯೂ ಒಂದೇ.

1915ರಲ್ಲಿ ಅವರು ಹಿಂತಿರುಗಿ ಮೈಸೂರಿನ ಭೂಗರ್ಭ ಇಲಾಖೆಯನ್ನು ಸೇರಿದರು. ಆ ಇಲಾಖೆ 1894ರಲ್ಲಿ ಸ್ಥಾಪಿತವಾದದ್ದು, ಡಾ. ಸ್ಮೀತರು ಅದರ ಮುಖ್ಯಸ್ಥರಾಗಿದ್ದ ಕಾಲ. 1916ರಲ್ಲಿ ಸ್ಮೀತರೂ ಸಂಪತ್ ಅಯ್ಯಂಗಾರರೂ ಕೂಡಿ ಸಂಸ್ಥಾನದ ಖನಿಜ ಸಂಪತ್ತನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮೈಸೂರಿನಲ್ಲಿ ಖನಿಜ ಎಂದರೆ ಮೊದಲು ಚಿನ್ನ, ಚಿನ್ನ ಎಂದರೆ ನಮ್ಮ ಸೀಮೆ. ಜಾನ್ ಟೇಲರ್ ಕಂಪನಿ 1880ರಿಂದ ಇಲ್ಲಿ ಬೇರೂರಿತ್ತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ನೆಲವನ್ನು ಕೊರೆಯುತ್ತ ಇಳಿದಿದ್ದುವು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತ್ತು. ನೆಲದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಕ್ರಿಸ್ಮಸ್ಸಿನ ಕುಣಿತ; ಜನ ಇದನ್ನು ಪುಟ್ಟ ಇಂಗ್ಲೆಂಡ್ ಎಂದೇ ಕರೆದರು. ನೆಲದ ಕೆಳಗೆ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕೂಲಿಗಾರರ ಬೆವರು. ಇಲ್ಲಿಯ ಶಿಲೆಯ ಸ್ವಾರಸ್ಯವನ್ನು ಬಲ್ಲವರು ಹೇಳುತ್ತಾರೆ: ಚಿನ್ನ ಕಪ್ಪು ಬಂಡೆಯಲ್ಲಿಲ್ಲ, ಆ ಬಂಡೆಯ ಬಿರುಕುಗಳಲ್ಲಿ ಬಿಸಿನೀರಿನೊಡನೆ ಹೊರಗಿಂದ ನುಗ್ಗಿ ಗಡ್ಡೆಗಟ್ಟಿದ ಬಿಳಿಯ ಬೆಣಚುಕಲ್ಲಿನ ಎಳೆಯಲ್ಲಿದೆ. ಕೈಲಾಸಂ ಅವರ ಕನ್ನಡದ ವಿಷಯದಲ್ಲಿಯೂ, ಹೊರಗಿಂದ ಬಂದು ಸೇರಿದ ಎಳೆಯಲ್ಲಿಯೇ ಬೆಲೆಯುಳ್ಳದ್ದು ಇದೆಯೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಲಾಖೆಯ ಕೆಲಸ ಐದು ವರ್ಷವೂ ಸರಿಯಾಗಿ ನಡೆಯಲಿಲ್ಲ. 1920ರ ಸುಮಾರಿಗೆ ಅವರು ರಾಜೀನಾಮೆಯಿತ್ತು ಹೊರಬಂದರು. ವಿಲಾಯಿತಿಯ ವಿದ್ಯೆ, ಸರಕಾರಿ ಹುದ್ದೆ, ನ್ಯಾಯಾಧೀಶರ ಮನೆತನ, ಇವೆಲ್ಲವನ್ನೂ ಬಿಟ್ಟು ನಾಟಕದ ಬೆನ್ನುಹತ್ತಿದವನನ್ನು ಆ ಕಾಲದ ಸಮಾಜ ಯಾವ ಕಣ್ಣಿನಿಂದ ನೋಡಿರಬೇಕು! ತಂದೆಗೆ ಇದು ನುಂಗಲಾರದ ತುತ್ತಾಯಿತು. ದಾಂಪತ್ಯವೂ ಸುಖದ್ದಾಗಲಿಲ್ಲ. ಆ ವಿಷಯವನ್ನು ಕೆದಕುವ ಅಧಿಕಾರ ನನಗಿಲ್ಲ.

ಅವರು ಬಿಟ್ಟುಬಂದದ್ದಾದರೂ ಎಂಥ ರಂಗಭೂಮಿಗಾಗಿ? ವರದಾಚಾರ್ಯರ ರತ್ನಾವಳಿ ಮಂಡಲಿ, ಗುಬ್ಬಿಯ ಕಂಪನಿ ಮೊದಲಾದುವು ಜನರ ಮನಸ್ಸನ್ನು ಸೂರೆಗೊಂಡಿದ್ದ ದಿನಗಳು. ಜರತಾರಿಯ ಪೋಷಾಕು, ಕಾಗೆಬಂಗಾರದ ಕಿರೀಟ, ಮುಖದ ತುಂಬ ಅರದಾಳ. ಸಾಯುವ ವೀರನೂ ಒಂದು ರಾಗವನ್ನು ಹಾಡಿ ಮುಗಿಸಿ, ಸಭಿಕರು ಮತ್ತೊಮ್ಮೆ ಎಂದರೆ ಎದ್ದು ಕುಳಿತು ಇನ್ನೊಮ್ಮೆ ಹಾಡಿ, ಆಮೇಲೆ ಸಾಯುತ್ತಿದ್ದ ಕಾಲ. ಕೈಲಾಸಂ ಈ ಥಳುಕನ್ನೆಲ್ಲ ಒಂದೇ ಏಟಿಗೆ ಗುಡಿಸಿಹಾಕಿದರು. ‘ಟೊಳ್ಳು ಗಟ್ಟಿ’ಯಲ್ಲಿ ಅರಮನೆಯಿಲ್ಲ, ಉದ್ಯಾನವಿಲ್ಲ, ಮಧ್ಯಮವರ್ಗದ ಒಂದು ಮನೆ. ಪಠ್ಯಪುಸ್ತಕವನ್ನು ಉರುಹೊಡೆಯುವ ಮಗನೊಬ್ಬ, ಪರೀಕ್ಷೆಯಲ್ಲಿ ಸೋತರೂ ಮನೆಯ ಕಷ್ಟಕ್ಕೆ ಹೆಗಲುಕೊಡುವ ಮಗನೊಬ್ಬ. ‘ಬಹಿಷ್ಕಾರ’ದಲ್ಲಿ ಹೆಣ್ಣುಮಗಳ ಮದುವೆಯ ವಯಸ್ಸಿನ ಕಟ್ಟಳೆ ಒಂದು ಸಂಸಾರವನ್ನೇ ನುಂಗುತ್ತದೆ. ‘ಬಂಡ್ವಾಳ್ವಿಲ್ಲದ್ ಬಡಾಯಿ’ಯ ವಕೀಲ ಅಹೋಬ್ಲು ಕಕ್ಷಿಗಾರರಿಲ್ಲದ ಕಚೇರಿಯಲ್ಲಿ ಕುಳಿತು ಜಂಬ ಕೊಚ್ಚುತ್ತಾನೆ. ಎಲ್ಲರೂ ಮಾತನಾಡುವುದು ಮನೆಯ ಜಗಲಿಯ ಮಾತನ್ನೇ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಸಂಧಿಗಳೆಲ್ಲ ನುಂಗಿಹೋದ ಅವಸರದ ಮಾತು. ಆ ಭಾಷೆಯನ್ನು ಅಚ್ಚಿನಲ್ಲಿ ಕಂಡು ಪಂಡಿತರು ಹುಬ್ಬು ಗಂಟಿಕ್ಕಿದರು. ಇಂದು ಆ ನಾಟಕಗಳನ್ನು ಓದುವ ವಿದ್ಯಾರ್ಥಿ ಅಕ್ಷರ ಕೂಡಿಸಿ ಕೂಡಿಸಿ ಎಡವುತ್ತಾನೆ; ಗಟ್ಟಿಯಾಗಿ ಓದಿಸಿದರೆ ಮರುಕ್ಷಣವೇ ನಗುತ್ತಾನೆ. ಅವು ಕಣ್ಣಿಗಾಗಿ ಬರೆದುವಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ರಂಗದ ಮೇಲಿನ ಬಣ್ಣವನ್ನೂ ಹಾಡಿನ ಹಾವಳಿಯನ್ನೂ ಕಿತ್ತೆಸೆದ ಈ ಮನುಷ್ಯರೇ ರಂಗದಿಂದ ಇಳಿದ ಮೇಲೆ ಗೆಳೆಯರ ಗುಂಪಿನಲ್ಲಿ ಕುಳಿತು ವೇಷದ ಹಾಡುಗಳನ್ನು ಹಾಡತೊಡಗಿದರು. ಪೋಷಾಕಿಲ್ಲ, ಅರದಾಳವಿಲ್ಲ, ಬೆರಳ ಸಂದಿಯಲ್ಲಿ ಸಿಗರೇಟು, ಕೆದರಿದ ತಲೆ. ಆದರೆ ಬಾಯಿ ತೆರೆದ ಮರುಕ್ಷಣವೇ ಎದುರಿಗೆ ಕೋಳೀಕೆಯ ರಂಗ ಬಂದು ನಿಲ್ಲುತ್ತಿದ್ದ. ಮಟ್ಟು ಕಾನ್‌ಸ್ಟಾಂಟಿನೋಪಲ್ ಎಂಬ ಇಂಗ್ಲಿಷ್ ವಿನೋದಗೀತದ್ದು. ಆ ಊರಿನ ಉದ್ದದ ಹೆಸರನ್ನು ಅಕ್ಷರಕ್ಷರವಾಗಿ ಬಿಡಿಸಿ ಹೇಳುವುದೇ ಆ ಗೀತದ ತಮಾಷೆ. ರಂಗನೂ ತನ್ನ ಹೆಸರನ್ನು ಬಿಡಿಸಿ ಹೇಳುತ್ತಾನೆ. ಇಂಗ್ಲಿಷಿನಂತಲ್ಲ, ನಮ್ಮ ಕೂಲಿಮಠದ ಕಾಗುಣಿತದಂತೆ, ದೀರ್ಘ ಸೊನ್ನೆಗಳ ಸಹಿತವಾಗಿ. ಸ್ವಾರಸ್ಯವಿರುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಬರೆಯುವುದೊಂದು, ನುಡಿಯುವುದೊಂದು. ಅಲ್ಲಿ ಅಕ್ಷರ ಬಿಡಿಸಿ ಹೇಳುವುದು ಅಗತ್ಯ. ಕನ್ನಡದಲ್ಲಿ ನುಡಿದಂತೆಯೇ ಬರಹ. ಬಿಡಿಸಿ ಹೇಳುವ ಅವಶ್ಯಕತೆಯೇ ಇಲ್ಲ. ಹಾಗಿದ್ದೂ ರಂಗ ಬಿಡಿಸಿ ಹೇಳುತ್ತಾನೆ. ಏಕೆಂದರೆ ತಾನೂ ಅಕ್ಷರ ಬಲ್ಲವನೆಂದು ಪೇಟೆಯವರಿಗೆ ತೋರಿಸಬೇಕಾಗಿದೆ. ನಾವು ನಗುವುದು ರಂಗನನ್ನು ನೋಡಿಯೋ, ಅವನಿಗೆ ಈ ಹಂಬಲವನ್ನು ಹುಟ್ಟಿಸಿದ ನಮ್ಮನ್ನು ನೋಡಿಯೋ ಎಂಬುದು ಹಾಡು ಮುಗಿದ ಮೇಲೂ ತಿಳಿಯುವುದಿಲ್ಲ.

ಮ್ಯೂಸಿಕ್ ಹಾಲಿನ ಈ ವೇಷದ ವಿದ್ಯೆ ಇಂಗ್ಲೆಂಡಿನಲ್ಲಿಯೂ ಸಾಯಲಿಲ್ಲ. ಇದನ್ನು ನನಗೆ ಕಲಿಸಿಕೊಟ್ಟವನು ಚಿನ್ನದ ಗಣಿಯ ಕಡೆಯಿಂದ ರೈಲಿನಲ್ಲಿ ಬರುವ ನನ್ನ ವಿದ್ಯಾರ್ಥಿಯೊಬ್ಬ. ಗಿಟಾರು ನುಡಿಸುವ ಹುಡುಗ. ಅವನು ಕೇಳಿಸಿದ ಧ್ವನಿಮುದ್ರಿಕೆಗಳ ಗದ್ದಲ ಮೊದಮೊದಲು ನನ್ನ ಕಿವಿಗೆ ಹಿಡಿಸಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. 1972ರಲ್ಲಿ ಡೇವಿಡ್ ಬೋವಿ ಎಂಬ ಗಾಯಕ ಕೆಂಗೂದಲು, ಬಳಿದ ಮುಖ, ಮಿರುಗುವ ಉಡುಪುಗಳೊಡನೆ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ಗಾಯಕನ ವೇಷ ತೊಟ್ಟು ಒಂದು ಆಲ್ಬಮ್ ಹೊರತಂದ. ಆ ಬೆಡಗಿನ ಪಂಥಕ್ಕೆ ಗ್ಲ್ಯಾಮ್ ರಾಕ್ ಎಂದು ಹೆಸರು. ಅದು ಮರೆಯಾಯಿತೆನ್ನುವಷ್ಟರಲ್ಲಿ, 1993ರಲ್ಲಿ ಸ್ವೇಡ್ ಎಂಬ ಪರ್ಯಾಯ ರಾಕ್ ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ ಆ ಧಾಟಿಯನ್ನೇ ಮತ್ತೆ ಮೇಲೆತ್ತಿತು. ಕೇಳುತ್ತ ಕೇಳುತ್ತ ನನಗೆ ಹೊಳೆದದ್ದು ಇಷ್ಟು: ಹಾಡುವವನೇ ಬೇರೆ, ಹಾಡಿನೊಳಗೆ ನಾನು ಎನ್ನುವವನೇ ಬೇರೆ ಎಂಬ ಆ ಹಳೆಯ ಆಟ ಅಲ್ಲಿ ಉಡುಪು ಬದಲಿಸಿಕೊಂಡು ಬದುಕಿದೆ. ನಮ್ಮಲ್ಲಿ ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಇದೇ ಕುಲದವನು. ಸಾತ್ತ್ವಿಕರೂ ಬೌದ್ಧ ಸಾಹಿತ್ಯದ ವಿದ್ವಾಂಸರೂ ಆದ ಕವಿಗಳು ಕುಡುಕನ ಬಾಯಿಂದ ಹಾಡಿದರು. ಕೈಲಾಸಂ ಅವರ ಬಳಿ ಒಡನಾಡಿದವರಿಗೆ ಅದು ಕಷ್ಟವಾಗಲಿಲ್ಲ.

ಬೋವಿ 1973ರ ಜುಲೈ ತಿಂಗಳಿನಲ್ಲಿ ಲಂಡನ್ನಿನ ರಂಗದ ಮೇಲೆಯೇ ಜಿಗ್ಗಿಯ ವೇಷವನ್ನು ಕಳಚಿಹಾಕಿದ. ವೇಷ ತನ್ನನ್ನು ನುಂಗುತ್ತಿದೆಯೆಂಬ ಭಯ ಅವನಿಗೆ ಹುಟ್ಟಿತ್ತು. ಕೈಲಾಸಂ ಅವರಿಗೆ ತಮ್ಮ ವೇಷವನ್ನು ಕಳಚುವ ಅವಕಾಶವೇ ಸಿಗಲಿಲ್ಲವೆಂದು ತೋರುತ್ತದೆ. ರಂಗನ ವೇಷವಲ್ಲ, ವಿದೂಷಕನದು. ಎಲ್ಲಿ ಕುಳಿತರೂ ಸುತ್ತ ಜನ. ಬಾಯಿ ತೆರೆದರೆ ನಗಲು ಸಿದ್ಧರಾಗಿ ಕಾದಿರುವ ಜನ. ಅವರು ಆಡಿದ ಚಾಟೂಕ್ತಿಗಳೂ ಆಡದೆ ಅವರ ಹೆಸರಿಗೆ ಅಂಟಿಕೊಂಡುವೂ ಇಂದು ಬೇರ್ಪಡಿಸಲಾರದಂತೆ ಬೆರೆತುಹೋಗಿವೆ. ಅವುಗಳಲ್ಲಿ ಒಂದನ್ನೂ ನಾನಿಲ್ಲಿ ಹೇಳುವುದಿಲ್ಲ. ಆ ನಗೆಗೆ ತೆತ್ತ ಬೆಲೆ ಯಾರ ಲೆಕ್ಕದಲ್ಲಿಯೂ ಬರೆದಿಲ್ಲ.

ಬೆಂಗಳೂರಿನಲ್ಲಿ ತಂದೆಯ ಮನೆ ದೊಡ್ಡದು. ಅವರು ವಾಸಿಸಿದ್ದು ಅದರ ಮಗ್ಗುಲಿನ ಒಂದು ಕೋಣೆಯಲ್ಲಿ. ಅದಕ್ಕೆ ಅವರೇ ಇಟ್ಟ ಹೆಸರು ನೂಕ್, ಇಂಗ್ಲಿಷಿನಲ್ಲಿ ಮೂಲೆ. ಕನ್ನಡದ ಕಿವಿಗೆ ಅದು ನೂಕು ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ಮನೆಯಿಂದ ಹೊರಗೆ ನೂಕಿಸಿಕೊಂಡವರು ಇರತಕ್ಕ ಸ್ಥಳ. ಪುಸ್ತಕ, ಸಿಗರೇಟಿನ ಬೂದಿ, ಧೂಳು. ಅದರ ನಡುವೆ ನಾಟಕ. ಅವರು ಲೇಖನಿ ಹಿಡಿದು ಬರೆದದ್ದು ತೀರ ಕಡಿಮೆ. ತಲೆಯಲ್ಲಿಯೇ ನಾಟಕವನ್ನು ಆದ್ಯಂತವಾಗಿ ಕಟ್ಟಿ, ಎಲ್ಲ ಪಾತ್ರಗಳನ್ನೂ ತಾವೇ ಆಡುತ್ತ ಹೇಳಿ ಮುಗಿಸುವುದು ಅವರ ಪದ್ಧತಿ. ಬಿ. ಎಸ್. ರಾಮರಾಯರಂಥ ಅಭಿಮಾನಿಗಳು ಎದುರಿಗೆ ಕುಳಿತು ಬರೆದುಕೊಂಡರು. ಬರೆದುಕೊಂಡವರಿದ್ದ ದಿನ ಹೇಳಿದ್ದು ಉಳಿಯಿತು. ಇಲ್ಲದ ದಿನ ಹೇಳಿದ್ದು ಹೋಯಿತು. ಒಂದೇ ನಾಟಕವನ್ನು ಎರಡು ಸಲ ಹೇಳಿದರೆ ಎರಡು ಬಗೆಯಾಗುತ್ತಿತ್ತು. ಗಣಿಯ ಭಾಷೆಯಲ್ಲಿ ಹೇಳುವುದಾದರೆ, ಅದಿರಿನ ಬಹುಭಾಗ ಮೇಲಕ್ಕೆ ಬರಲೇ ಇಲ್ಲ.

ಇಂಗ್ಲಿಷಿನಲ್ಲಿ ಅವರು ರಚಿಸಿದ ನಾಟಕಗಳನ್ನು ಓದಿದವರಿಗೆ ನಗೆಯ ಕೈಲಾಸಂ ಅಲ್ಲಿ ಎಲ್ಲಿಯೂ ಸಿಗುವುದಿಲ್ಲ. ‘ಪರ್ಪಸ್’ ನಾಟಕದ ಏಕಲವ್ಯ ಬಿಲ್ವಿದ್ಯೆಯನ್ನು ಬಯಸುವುದು ಕೀರ್ತಿಗಾಗಿ ಅಲ್ಲ. ತೋಳಗಳ ಬಾಯಿಗೆ ಬೀಳುವ ಜಿಂಕೆಮರಿಗಳನ್ನು ಉಳಿಸುವುದಕ್ಕಾಗಿ. ಅರ್ಜುನನ ಉದ್ದೇಶ ಲೋಕದ ಅದ್ವಿತೀಯ ಬಿಲ್ಲುಗಾರನಾಗುವುದು. ಗುರುವಿನ ಮುಂದೆ ಈ ಎರಡು ಉದ್ದೇಶಗಳು ನಿಂತಾಗ ಹೆಬ್ಬೆರಳನ್ನು ಕಳೆದುಕೊಂಡವನು ಯಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕರ್ಣನನ್ನು ಕುರಿತ ನಾಟಕದಲ್ಲಿ ಶಾಪ ಬೆನ್ನುಬಿಡದೆ ಬಂದು, ಬೇಕಾದಾಗಲೇ ವಿದ್ಯೆಯನ್ನು ಮರೆಸುತ್ತದೆ. ತನ್ನ ಕುಲವನ್ನು ಮುಚ್ಚಿಟ್ಟು, ಅಂದರೆ ಒಂದು ವೇಷ ತೊಟ್ಟು, ಕಲಿತ ವಿದ್ಯೆ ಅದು. ಮನೆಮಾತು ತಮಿಳು, ನಗೆಗೆ ಕನ್ನಡ, ಅಳಲಿಗೆ ಇಂಗ್ಲಿಷು; ಹೀಗೆ ಹಂಚಿಹೋದ ಮನಸ್ಸು ಕರ್ಣನನ್ನು ಏಕೆ ಅಷ್ಟು ಪ್ರೀತಿಸಿತೆಂದು ಕೇಳುವ ಅಗತ್ಯವಿಲ್ಲ. ಆದರೆ ಆ ಅಳಲನ್ನು ಕನ್ನಡದಲ್ಲಿ ಹೇಳದೆ ಹೋದರಲ್ಲಾ ಎಂಬ ಕೊರಗು ನನಗುಂಟು. ಕನ್ನಡದ ಶ್ರೋತೃಗಳು ಮೊದಲ ಮಾತಿಗೇ ನಕ್ಕುಬಿಟ್ಟಾರೆಂಬ ಶಂಕೆ ಅವರಿಗಿತ್ತೋ ಏನೋ!

1945ರಲ್ಲಿ ಮದರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ತಾವು ವಿದ್ಯಾರ್ಥಿಯಾಗಿ ಕಲ್ಲುಗಳನ್ನು ಓದಿದ ಊರಿನಲ್ಲಿ, ತಮಿಳರ ನಡುವೆ, ಕನ್ನಡದ ಪೀಠದಲ್ಲಿ ಅವರು ಕುಳಿತರು. ಮರುವರ್ಷ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅರವತ್ತೆರಡು ವರ್ಷ ಅಂಥ ದೊಡ್ಡ ವಯಸ್ಸೇನೂ ಅಲ್ಲ. ತಾರುಣ್ಯದಲ್ಲಿ ಕಸುವಿನ ಆಟಗಾರರೆನಿಸಿದ್ದ ದೇಹವನ್ನು ಅವರು ಸಿಗರೇಟಿನಂತೆಯೇ ತುದಿಯವರೆಗೂ ಸುಟ್ಟು ಮುಗಿಸಿದ್ದರು.

ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರ ಮನೆಮಾತೂ ತಮಿಳೇ. ಅವರ ಊರು ಮಾಸ್ತಿ ಇಲ್ಲಿಗೆ ನೆರೆಯ ಮಾಲೂರು ತಾಲ್ಲೂಕಿನಲ್ಲಿದೆ. ಇದನ್ನು ತರಗತಿಯಲ್ಲಿ ನಾನು ಬೇಕೆಂದೇ ಹೇಳುತ್ತೇನೆ. ಏಕೆಂದರೆ ನನ್ನೆದುರು ಕುಳಿತಿರುವ ಮಕ್ಕಳಲ್ಲಿ ಗಣಿಯ ಕಾಲೊನಿಗಳಿಂದ ಬರುವವರ ಮನೆಮಾತು ತಮಿಳು. ಸುತ್ತಣ ಹಳ್ಳಿಗಳಿಂದ ಬರುವ ಬಹುಮಂದಿಯದು ತೆಲುಗು. 2001ರ ಫೆಬ್ರುವರಿಯಲ್ಲಿ ಗಣಿಗಳನ್ನು ಮುಚ್ಚಿದ ಮೇಲೆ ಆ ಮನೆಗಳ ಗಂಡಸರು ಹೆಂಗಸರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಕನ್ನಡದಲ್ಲಿ ಬಾಯಿ ತೆರೆಯುವ ಮೊದಲು ತಮ್ಮ ಕನ್ನಡ ಶುದ್ಧವಲ್ಲವೆಂದು ಕ್ಷಮೆ ಕೇಳುತ್ತಾರೆ. ಬೆರಕೆ ಮಾತು ತಪ್ಪೆಂದು ಅವರಿಗೆ ಕಲಿಸಿದವರು ನಮ್ಮಂಥ ಅಧ್ಯಾಪಕರೇ. ಅಂಥವರ ಮುಂದೆ ಕೈಲಾಸಂ ಅವರ ನಾಟಕವನ್ನು ಪಾಠಮಾಡುವುದು ಉಳಿದ ಪಾಠಗಳಂತಲ್ಲ. ಕನ್ನಡದ ಮಾತಿನ ಧಾಟಿಯನ್ನು ಕನ್ನಡಿಗರಿಗೇ ಮೊದಲು ಕೇಳಿಸಿದವರು ಮನೆಯಲ್ಲಿ ಕನ್ನಡವಾಡದವರು ಎಂದಾಗ ತರಗತಿಯ ಹಿಂದಿನ ಬೆಂಚುಗಳಲ್ಲಿ ತಲೆಗಳು ಮೇಲೇಳುತ್ತವೆ.

ಕೋಳೀಕೆ ರಂಗನ ಹಾಡು ಅವರಲ್ಲಿ ಕೆಲವರಿಗೆ ಮೊದಲೇ ಗೊತ್ತಿರುತ್ತದೆ, ಜಾನಪದವೆಂದು ತಿಳಿದಿರುತ್ತಾರೆ. ಕರ್ತೃವಿನ ಹೆಸರನ್ನು ಹೇಳಿ ತಿದ್ದುವುದು ನನ್ನ ವೃತ್ತಿಧರ್ಮ, ತಿದ್ದುತ್ತೇನೆ. ಹೋದ ವರ್ಷ ಹಾಗೆ ತಿದ್ದಿದ ಮಾರನೆಯ ದಿನ, ಮಾರಿಕುಪ್ಪಂ ಕಡೆಯಿಂದ ಬರುವ ಒಬ್ಬ ಹುಡುಗಿ ಅದೇ ಮಟ್ಟಿಗೆ ನಮ್ಮ ಊರಿನ ಹೆಸರನ್ನು ಹೊಂದಿಸಿ ತಂದಿದ್ದಳು. ಬಕಾರ, ಅದರ ಪಕ್ಕದಲ್ಲಿ ಸೊನ್ನೆ, ಗಕಾರಕ್ಕೆ ದೀರ್ಘ ಎಂದು ಕಾಗುಣಿತವನ್ನು ಒಂದೊಂದಾಗಿ ಬಿಡಿಸುತ್ತ, ತಾಳ ತಪ್ಪದೆ, ಬಂಗಾರಪೇಟೆಯನ್ನು ಪೂರ್ತಿ ಹಾಡಿ ಮುಗಿಸಿದಳು. ಬೌರಿಂಗ್ ಸಾಹೇಬರ ಸಂಗತಿಯನ್ನು ನಾನು ಅವಳಿಗೆ ಹೇಳಿದ್ದು ಅದಾದ ಮೇಲೆ.